ಬಚ್ಚಲ ಹಿಂದಿನ ಬ್ಲ್ಯಾಕ್‌ಬೆರ್ರಿ

ಅತ್ತೆ ಸೊಸೆಯರ ನಡುವೆ ಮನಸ್ತಾಪ ಹುಟ್ಟುವುದಕ್ಕೆ ಲೋಕದಲ್ಲಿ ಕಾರಣಗಳ ಬರಗಾಲವೇನೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, ಮಗುವಿನ ತಲೆಗೆ ಟೊಪ್ಪಿ ಹಾಕದಿದ್ದರೂ ಸಾಕು. ಆದರೆ ಕಾಸರಗೋಡು ಸೀಮೆಯ ಕುಂಬಳೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ಒಳಗೆ, ಹತ್ತು ಸೆಂಟ್ಸು ಜಾಗದಲ್ಲಿ ಕುಳಿತಿರುವ ಆ ಮನೆಯಲ್ಲಿ ಜಗಳ ಹುಟ್ಟಿದ್ದು ಬಚ್ಚಲ ನೀರಿನಿಂದ. ನೀರು ಹೆಚ್ಚಾಯಿತೆಂದಲ್ಲ, ಕಡಿಮೆಯಾಯಿತೆಂದೂ ಅಲ್ಲ. ಅದು ಹರಿದು ಯಾರ ಬುಡಕ್ಕೆ ಹೋಗಬೇಕು ಎಂಬುದೇ ಪ್ರಶ್ನೆ.

ಬಚ್ಚಲ ಹಿಂದಿನ ಜಾಗ ಬಸಳೆಗೆ ಸೇರಿದ್ದೆಂಬುದು ನಮ್ಮ ಕಡೆ ಯಾರೂ ಬರೆದಿಡದ, ಆದ್ದರಿಂದಲೇ ಯಾರೂ ಮೀರದ ಕಾನೂನು. ದೀಪ್ತಿಯ ಅತ್ತೆ ವಸುಮತಿ ಅಲ್ಲಿ ಹನ್ನೊಂದು ವರ್ಷ ಬಸಳೆ ಚಪ್ಪರ ನಡೆಸಿದವರು. (ಜನ ಅಂಗಡಿ ನಡೆಸುತ್ತಾರೆ, ಶಾಲೆ ನಡೆಸುತ್ತಾರೆ, ಅವರು ಚಪ್ಪರ ನಡೆಸಿದರು.) ಕಳೆದ ಮೇ ತಿಂಗಳ ಕೊನೆಯಲ್ಲಿ ಬೀಸಿದ ಮೊದಲ ಗಾಳಿಮಳೆಗೆ ಆ ಚಪ್ಪರ ಬಸಳೆ ಸಮೇತ ಅಂಗಾತ ಮಲಗಿತು. ಹೊಸ ಬಿದಿರು ತರಿಸೋಣವೆಂದು ಅವರು ಬಾಯಿ ತೆರೆಯುವುದಕ್ಕೂ, ಎರಡು ಪ್ಲಾಸ್ಟಿಕ್ ತೊಟ್ಟೆಗಳನ್ನು ಎದೆಗವಚಿಕೊಂಡು ದೀಪ್ತಿ ಅಡಿಗೆಮನೆಯ ಹಿಂಬಾಗಿಲಲ್ಲಿ ಪ್ರತ್ಯಕ್ಷಳಾಗುವುದಕ್ಕೂ ಸರಿಹೋಯಿತು.

“ಅತ್ತೆ, ಆ ಜಾಗ ನನಗೆ ಬೇಕು.”

“ಎಂತಕ್ಕೆ?”

“ಬ್ಲ್ಯಾಕ್‌ಬೆರ್ರಿ ನೆಡ್ಲಿಕ್ಕೆ. ಅವಿನಾಶಣ್ಣ ಮುನ್ನಾರಿಗೆ ಹೋದವ ತಂದದ್ದು.”

ವಸುಮತಿ ತೊಟ್ಟೆಯೊಳಗೆ ಇಣುಕಿದರು. ಒಳಗೆ ಗೇಣುದ್ದದ ಎರಡು ಕಡ್ಡಿಗಳು, ಮೈತುಂಬ ಮುಳ್ಳು, ತುದಿಯಲ್ಲಿ ಮೂರು ಮೂರು ಎಲೆ.

“ಇದಾ? ಇದನ್ನು ಬೇಲಿಯಿಂದ ಕಿತ್ತು ಬಿಸಾಡ್ಲಿಕ್ಕೆ ನಾನು ಜನ ಕರೀತಿದ್ದೆ. ನಿನ್ನ ಅಣ್ಣ ಮುನ್ನಾರಿನಿಂದ ಹೊತ್ತುಕೊಂಡು ಬಂದನಾ?”

ದೀಪ್ತಿಗೆ ಈ ಗಿಡ ಬೇಕಾದದ್ದಕ್ಕೆ ದೊಡ್ಡ ಕಾರಣವೇ ಇತ್ತು. ಕಾರಣದ ಎತ್ತರ ಮಾತ್ರ ಎರಡೂ ಮುಕ್ಕಾಲು ಅಡಿ. ಮಗಳು ಇಂಚರ, ಮೂರು ವರ್ಷ ತುಂಬಲು ಎರಡು ತಿಂಗಳಿದ್ದವಳು, ಬಾಳೆಹಣ್ಣು ಕಂಡರೆ ಬಾಯಿಗೆ ಬೀಗ ಹಾಕುತ್ತಿದ್ದಳು. ಪಪ್ಪಾಯಿ ಕಂಡರೆ ಬೀಗದ ಮೇಲೆ ಕೈಯನ್ನೂ ಇಡುತ್ತಿದ್ದಳು. ಅಂಥವಳು ಚಿತ್ರದ ಪುಸ್ತಕದಲ್ಲಿ ಕಪ್ಪಗೆ ಗೊಂಚಲಾಗಿ ಹೊಳೆಯುವ ಒಂದು ಹಣ್ಣಿನ ಮೇಲೆ ಬೆರಳಿಟ್ಟು, “ಅಮ್ಮಾ, ಇದು ಬೇಕು” ಎಂದು ಬಿಟ್ಟಳು. ಹಣ್ಣನ್ನು ತಾನಾಗಿ ಬೇಡಿದ ಮಗುವಿಗೆ ಇಲ್ಲವೆನ್ನುವ ತಾಯಿ ಎಲ್ಲಿದ್ದಾಳೆ? “ನಮ್ಮ ಅಂಗಳದಲ್ಲೇ ಬೆಳೆಸಿ ಕೊಡ್ತೇನೆ ಪುಟ್ಟೀ” ಎಂದು ದೀಪ್ತಿ ಭಾಷೆ ಕೊಟ್ಟಾಗಿತ್ತು.

ಇಬ್ಬರೂ ಹೆಂಗಸರು ನ್ಯಾಯ ಕೇಳಲು ದೀಪ್ತಿಯ ಗಂಡ ಮಹಾಗಣಪತಿಯ ಕಡೆ ತಿರುಗಿದರು. ಅವನಿಗೆ ಕುಂಬಳೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಸರಿಮಾಡಿ ಕೊಡುವ ಅವನಿಗೆ, ಮನೆಯೊಳಗೆ ಅಮ್ಮ ಮತ್ತು ಹೆಂಡತಿ ಎದುರುಬದುರು ನಿಂತರೆ ಮಾತ್ರ ಏನೂ ಕಾಣಿಸುವುದಿಲ್ಲ. ಆ ದಿನವೂ ಅವನು ಒಂದು ಲೆನ್ಸನ್ನು ಅಂಗಿಯ ತುದಿಯಿಂದ ಒರೆಸುತ್ತಾ, “ಎರಡೂ ಒಳ್ಳೇದೇ” ಎಂದ. ಇದನ್ನು ತೀರ್ಪೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊನೆಗೆ ಒಡಂಬಡಿಕೆ ಆದದ್ದು ಹೀಗೆ. ಬರುವ ಏಪ್ರಿಲಿನ ವಿಷು ಹಬ್ಬದವರೆಗೆ ಜಾಗ ಬ್ಲ್ಯಾಕ್‌ಬೆರ್ರಿಗೆ. ಹಬ್ಬದ ಬೆಳಗ್ಗೆ ಮೊದಲು ಕಣ್ಣಿಗೆ ಬೀಳಲೆಂದು ಜೋಡಿಸಿಡುವ ವಿಷುಕಣಿಯಲ್ಲಿ ಮಾವು, ಸೌತೆಕಾಯಿಗಳ ಪಕ್ಕ ದೀಪ್ತಿ ತಾನು ಬೆಳೆಸಿದ ಹಣ್ಣನ್ನು ಒಂದು ಬಟ್ಟಲು ತುಂಬ ಇಟ್ಟರೆ ಜಾಗ ಶಾಶ್ವತವಾಗಿ ಅವಳದ್ದು. ಬಟ್ಟಲು ತುಂಬದಿದ್ದರೆ ಮರುದಿನವೇ ಗಿಡ ಕಿತ್ತು ಬಸಳೆ.

“ತಾನು ಬೆಳೆಸಿದ್ದು ಅಂತ ನೆನಪಿರಲಿ,” ಎಂದರು ವಸುಮತಿ. “ಪೇಟೆಯಿಂದ ತಂದು ಬಟ್ಟಲಿಗೆ ಹಾಕ್ಲಿಕ್ಕೆ ಇಲ್ಲ.”

“ನಾನೇ ಬೆಳೆಸಿದ್ದು ಇಲ್ಲದಿದ್ದರೆ ಜಾಗ ನಿಮಗೇ ಅತ್ತೆ, ನನ್ನ ಬಾಯಿಂದಲೇ ಹೇಳ್ತೇನೆ,” ಎಂದಳು ದೀಪ್ತಿ. (ಹೆಣ್ಣುಮಕ್ಕಳು ಆವೇಶದಲ್ಲಿ ಆಡುವ ಮಾತಿಗೆ ಒಂದು ಕಾಲಾವಕಾಶ ಇರಬೇಕು, ಇಷ್ಟು ದಿನದ ಮೇಲೆ ತಾನಾಗಿ ಅಳಿಸಿ ಹೋಗುವಂತೆ.)

ಬಚ್ಚಲ ಹಿಂದಿನ ಆ ಜಾಗದಲ್ಲಿ ಒಂದು ಗಿಡ ಅಡಿಗೆಮನೆಯ ಹಿಂಬಾಗಿಲಿನ ಪಕ್ಕ ನೆಲ ಹಿಡಿಯಿತು, ಇನ್ನೊಂದು ಎರಡು ಮೆಟ್ಟಿಲು ಇಳಿದರೆ ಸಿಗುವ ಆವರಣಗೋಡೆಯ ಬುಡದಲ್ಲಿ. ಮಳೆಗಾಲ ಬಂತು. ಮುಳ್ಳುಕಡ್ಡಿಗಳೆರಡೂ ತಮ್ಮನ್ನು ಮುನ್ನಾರಿನಿಂದ ಹೊತ್ತು ತಂದದ್ದಕ್ಕೆ ಸೇಡು ತೀರಿಸುವವರ ಹಾಗೆ ಬೆಳೆಯತೊಡಗಿದವು. ಬುಡದಿಂದ ಹೊಸ ಹೊಸ ಕೋಲುಗಳು ಎದ್ದವು. ದೀಪ್ತಿಯ ಸಂತೋಷ ಹೇಳತೀರದು. ಇಂಚರ ಹುಟ್ಟಿದಾಗ ಅವಳ ತೂಕ, ನಿದ್ದೆ, ಹಾಲು ಎಂದು ಬರೆದಿಡುತ್ತಿದ್ದ ಪುಸ್ತಕದಲ್ಲಿ ಇನ್ನೂ ಹಾಳೆಗಳು ಉಳಿದಿದ್ದವು. ಅದರಲ್ಲೇ ಮುಂದುವರಿಸಿದಳು: “ಜುಲೈ ಎಂಟು. ಗೋಡೆ ಬದಿಯವಳಿಗೆ ನಾಲ್ಕನೆಯ ಮರಿ. ಎತ್ತರ ಎರಡು ಇಂಚು. ಬಣ್ಣ ಕೆಂಪು. ಲಕ್ಷಣವಾಗಿದೆ.” “ಜುಲೈ ಹದಿನಾರು. ನಾಲ್ಕನೆಯವನು ಒಂದೂವರೆ ಅಡಿ. ಅಕ್ಕನನ್ನು ಮೀರಿಸುತ್ತಾನೆ.”

ಒಂದು ಭಾನುವಾರ ಮಹಾಗಣಪತಿ ಮೊಬೈಲು ಹಿಡಿದುಕೊಂಡು ಹಿತ್ತಲಿಗೆ ಬಂದ. “ದೀಪ್ತಿ, ಇಲ್ಲಿ ನೋಡು. ಇದರ ಹೊಸ ಕೋಲುಗಳು ಸೊಂಟದೆತ್ತರಕ್ಕೆ ಬಂದ ಕೂಡಲೇ ತುದಿ ಚಿವುಟಬೇಕಂತೆ. ಆಗ ಬದಿಯಿಂದ ಕವಲು ಒಡೀತದಂತೆ. ಹಣ್ಣು ಬರುವುದು ಕವಲಿನಲ್ಲಂತೆ.”

“ಯಾರ ಸೊಂಟ?”

“ಯಾರ ಸೊಂಟ ಅಂತ ಬರೆದಿಲ್ಲ ಮಾರಾಯ್ತಿ.”

“ನಿಮ್ಮ ಸೊಂಟವಾ, ಇಂಚರನ ಸೊಂಟವಾ? ಸರಿಯಾಗಿ ಬರೀಲಿಕ್ಕೆ ಗೊತ್ತಿಲ್ಲದವರು ಮೊಬೈಲಲ್ಲಿ ಎಂತಕ್ಕೆ ಬರೆಯುವುದು?” ದೀಪ್ತಿ ಗಿಡಕ್ಕೆ ಅಡ್ಡವಾಗಿ ನಿಂತಳು. “ಅಲ್ಲ, ನೀವು ಒಬ್ಬ ತಂದೆ. ನಿನ್ನೆ ಹುಟ್ಟಿದ ಮಕ್ಕಳ ಮಂಡೆ ಚಿವುಟು ಅಂತ ಹೇಳ್ಲಿಕ್ಕೆ ನಿಮಗೆ ಬಾಯಿ ಹೇಗೆ ಬರ್ತದೆ?”

“ಗಿಡ ಅದು.”

“ಇಂಚರ ಕೂಡಾ ಹೊಟ್ಟೆಯಲ್ಲಿರುವಾಗ ಕಡಲೆಯಷ್ಟೇ ಇದ್ದದ್ದು.”

ಮಹಾಗಣಪತಿ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಅಂತೂ ಚಿವುಟುವ ಸೂಚನೆ ಸರ್ವಾನುಮತದಿಂದ ಬಿದ್ದುಹೋಯಿತು.

ಚಿವುಟದ ಬ್ಲ್ಯಾಕ್‌ಬೆರ್ರಿ ಎಂಥದ್ದೆಂದು ಆಗಸ್ಟ್ ತಿಂಗಳಲ್ಲಿ ಗೊತ್ತಾಯಿತು. ಗೋಡೆ ಬದಿಯ ಕೋಲುಗಳು ಎಂಟಡಿ ಏರಿದವು, ಮತ್ತೆ ಏರಲು ಆಕಾಶದಲ್ಲಿ ಹಿಡಿಗಂಬ ಸಿಗದೆ ಬಿಲ್ಲಿನ ಹಾಗೆ ಬಾಗಿದವು. ಬಾಗಿದ ತುದಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ಅಲ್ಲಿಂದ ಮತ್ತೊಂದು ಗಿಡವಾಗಿ ಎದ್ದಿತು. ಹೀಗೆ ಹೆಜ್ಜೆ ಹಾಕುತ್ತಾ ಅದು ಬಟ್ಟೆ ಒಗೆಯುವ ಕಲ್ಲಿನವರೆಗೆ ನಡೆದುಕೊಂಡು ಬಂತು. ಒಣಗಲು ಹಾಕಿದ ಮಹಾಗಣಪತಿಯ ಲುಂಗಿಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಲುಂಗಿಯ ಪರವಾಗಿ ಹೋರಾಡಲು ಹೋದ ಮಹಾಗಣಪತಿಯನ್ನೂ ಹಿಡಿದುಕೊಂಡಿತು. “ಅವಕ್ಕೆ ನಿಮ್ಮ ಮೇಲೆ ಪ್ರೀತಿ” ಎನ್ನುತ್ತಾ ದೀಪ್ತಿ ಒಂದೊಂದೇ ಮುಳ್ಳು ಬಿಡಿಸಿದಳು. ಬಿಡಿಸಿದ್ದು ಗಂಡನನ್ನು ಗಿಡದಿಂದಲೋ, ಗಿಡವನ್ನು ಗಂಡನಿಂದಲೋ ಎಂಬುದು ಅವಳು “ನೋವಾಯಿತಾ ಚಿನ್ನಾ” ಎಂದು ಕೇಳಿದ್ದು ಯಾರನ್ನೆಂಬುದರ ಮೇಲೆ ನಿಂತಿದೆ.

ಅಡಿಗೆಮನೆ ಬದಿಯ ಗಿಡದ್ದೇ ಬೇರೆ ಕತೆ. ಅದೂ ಕೋಲು ಬಿಡುತ್ತಿತ್ತು. ಆದರೆ ಮೂರಡಿ ಆಯಿತೋ ಇಲ್ಲವೋ, ತುದಿ ಮಾಯ. ಇಂದು ಸಂಜೆ ಇದ್ದ ಕೆಂಪು ಕುಡಿ ನಾಳೆ ಮಧ್ಯಾಹ್ನಕ್ಕೆ ಇಲ್ಲ. ಗಿಡ ಎತ್ತರ ಹೋಗದೆ, ಬದಿಬದಿಗೆ ಪೊದೆಯಾಗಿ, ಗಿಡ್ಡ ಆಳಿಗೆ ದೊಡ್ಡ ಅಂಗಿ ತೊಡಿಸಿದ ಹಾಗೆ ನಿಂತಿತು. ದೀಪ್ತಿಯ ಪುಸ್ತಕದಲ್ಲಿ ಶೋಕದ ಪುಟಗಳು ಶುರುವಾದವು: “ಆಗಸ್ಟ್ ಮೂರು. ಅಡಿಗೆಮನೆಯವಳ ಎರಡನೆಯ ಮರಿ ಮಂಡೆ ಕಳೆದುಕೊಂಡಿತು. ಅಪರಾಧಿ ಸಿಕ್ಕಿಲ್ಲ.”

ಮೊದಲ ಸಂಶಯ ಆಫ್ರಿಕದ ಬಸವನಹುಳುಗಳ ಮೇಲೆ. ದೀಪ್ತಿ ಗಿಡದ ಸುತ್ತ ಕಲ್ಲುಪ್ಪಿನ ಲಕ್ಷ್ಮಣರೇಖೆ ಎಳೆದಳು. ಹುಳುಗಳು ಬರಲಿಲ್ಲ, ಕುಡಿ ಮಾತ್ರ ಹೋಯಿತು. ಎರಡನೆಯ ಸಂಶಯ ಪಕ್ಕದ ಮನೆಯ ಕುಂಞನ ಆಡಿನ ಮೇಲೆ. ಸೆರಗು ಸಿಕ್ಕಿಸಿಕೊಂಡು ಅವಳು ಗೋಡೆಯ ಬಳಿಗೆ ಹೋದಳು.

“ಕುಂಞಣ್ಣಾ, ನಿಮ್ಮ ಆಡನ್ನು ಕಟ್ಟಿ ಹಾಕ್ಲಿಕ್ಕೆ ಆಗುವುದಿಲ್ವಾ? ನನ್ನ ಗಿಡದ ಕುಡಿಯೆಲ್ಲ ತಿಂದು ಮುಗಿಸ್ತದೆ.”

ಕುಂಞ ಬೀಡಿಯನ್ನು ಬಾಯಿಯಿಂದ ತೆಗೆದ. “ಯಾವ ಆಡು ದೀಪ್ತಿಯಕ್ಕ?”

“ಆ ಬಿಳೀದು.”

“ಅದನ್ನು ಬಕ್ರೀದಿಗಿಂತ ಮೊದಲೇ ಕೊಟ್ಟಾಗಿದೆ. ಈಗ ಬಂದು ತಿನ್ನಬೇಕಾದರೆ ಅದಕ್ಕೆ ದೊಡ್ಡ ಕಷ್ಟ ಉಂಟು.” ಅವನು ಗೋಡೆಯ ಮೇಲಿಂದ ತನ್ನ ಕಡೆಗೆ ನೇತು ಬಿದ್ದಿದ್ದ ಮುಳ್ಳುಕೋಲನ್ನು ಎರಡು ಬೆರಳಿನಿಂದ ಎತ್ತಿ ಹಿಡಿದ. “ಆಡಿನ ವಿಷಯ ಬಿಡಿ. ನಿಮ್ಮದು ಇದು ನಮ್ಮ ಕೋಳಿಗೂಡಿಗೆ ಬಂದದ್ದು, ಇದನ್ನು ಎಂತ ಮಾಡುವ? ಎರಡು ದಿನದಿಂದ ಹೇಂಟೆ ಮೊಟ್ಟೆಗೆ ಕೂತಿಲ್ಲ. ಅದು ಕೂತುಕೊಳ್ಳುವಲ್ಲಿ ನಿಮ್ಮ ಗಿಡ ಕೂತಿದೆ.”

ದೀಪ್ತಿ ದೂರು ಕೊಡಲು ಹೋದವಳು ಕ್ಷಮೆ ಕೇಳಿ ಬಂದಳು. ಆದರೂ ಕೋಲನ್ನು ಕತ್ತರಿಸಲಿಲ್ಲ. ಮೆಲ್ಲಗೆ ಮಡಚಿ ಈಚೆ ತಂದು ಕಟ್ಟಿದಳು.

ಈ ದುಃಖದ ದಿನಗಳಲ್ಲಿ ಅವಳಿಗಿದ್ದ ಒಂದೇ ಸಮಾಧಾನ ಮಧ್ಯಾಹ್ನದ ಊಟ. ಅತ್ತೆಯ ತಂಬುಳಿಗೆ ಆ ಮಳೆಗಾಲದಲ್ಲಿ ಎಂಥದ್ದೋ ಹೊಸ ಸ್ವಾದ ಬಂದಿತ್ತು. ಯಾವುದೋ ಎಳೆ ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ತೆಂಗಿನಕಾಯಿಯ ಜತೆ ಅರೆದು, ಮಜ್ಜಿಗೆಗೆ ಬೆರೆಸಿದರೆ ತಂಬುಳಿ; ಇದರಲ್ಲಿ ಗುಟ್ಟೇನಿಲ್ಲ. ಯಾವ ಕುಡಿ ಎಂಬುದರಲ್ಲೇ ಗುಟ್ಟು. ವಸುಮತಿಯ ಸಸ್ಯಶಾಸ್ತ್ರದಲ್ಲಿ ಗಿಡಗಳು ಎರಡೇ ಜಾತಿ: ತಂಬುಳಿ ಆಗುವಂಥವು, ಮತ್ತು ಇನ್ನೂ ಮಾಡಿ ನೋಡದಂಥವು.

“ಇವತ್ತು ಎಂತದ್ದರ ತಂಬುಳಿ ಅತ್ತೆ? ಭಾರೀ ಲಾಯ್ಕ ಆಗಿದೆ.”

“ಹೀಗೇ, ಇಲ್ಲೇ ಹಿತ್ತಲಲ್ಲಿದ್ದದ್ದು. ಇನ್ನು ಸ್ವಲ್ಪ ಹಾಕ್ತೇನೆ, ತಟ್ಟೆ ಈಚೆ ಹಿಡಿ. ಗಿಡಗಿಡ ಅಂತ ನೀನು ಎಷ್ಟು ಬಡವಾಗಿದ್ದೀ ನೋಡು.”

ದೀಪ್ತಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಅಕ್ಟೋಬರಿನವರೆಗೂ ಹೀಗೆ ನಡೆಯಿತು. ಒಂದು ದಿನ ತುತ್ತು ನುಂಗುವಾಗ ಏನೋ ನಾಲಿಗೆಗೆ ಚುಚ್ಚಿತು. ಬೆರಳು ಹಾಕಿ ತೆಗೆದಳು. ಎಳ್ಳಿನ ಕಾಲು ಭಾಗದಷ್ಟು ಸಣ್ಣದು, ತುದಿ ಬಾಗಿದೆ. ಅವಳು ಅದನ್ನು ಗಂಡನ ಎದುರು ಇಟ್ಟಳು.

“ಇದು ಎಂತ ಅಂತ ನೋಡಿ.”

ಮಹಾಗಣಪತಿ ಪಾಪ, ಉಳಿದ ವಿಷಯಗಳಲ್ಲಿ ಎಷ್ಟು ಕುರುಡನೋ ಕೈಗೆ ಭೂತಗನ್ನಡಿ ಬಂದರೆ ಅಷ್ಟೇ ಪ್ರಾಮಾಣಿಕ. ಕಿಸೆಯಿಂದ ತೆಗೆದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ತಿರುಗಿಸಿ ನೋಡಿ, ಎದುರಿನಲ್ಲಿ ಯಾರಿದ್ದಾರೆಂಬುದನ್ನೂ ಮರೆತು ಘೋಷಿಸಿದ: “ಬ್ಲ್ಯಾಕ್‌ಬೆರ್ರಿ ಮುಳ್ಳು. ಎಳೇದು. ನನ್ನ ಲುಂಗಿಯಲ್ಲಿದ್ದದ್ದರ ತಮ್ಮ.”

ವಸುಮತಿ ತಂಬುಳಿಯ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಂಚರ ಅನ್ನ ಕಲಸುತ್ತಾ, ಯಾರೂ ಕೇಳದಿದ್ದರೂ ಸಾಕ್ಷಿ ನುಡಿದಳು: “ಅಜ್ಜಿ ದಿನಾ ಮಂಡೆ ತೆಗೀತಾರೆ. ಟಿಕ್ ಟಿಕ್ ಅಂತ.”

“ಅತ್ತೇ!”

“ಎಂತ ಅತ್ತೆ? ಮೊದಲು ಊಟ ಮಾಡು.”

“ನನ್ನ ಗಿಡದ ಕುಡಿ ಅರೆದು ನನಗೇ ಬಡಿಸಿದಿರಾ? ಮೂರು ತಿಂಗಳು?”

“ನಿನಗೆ ಒಬ್ಬಳಿಗೇ ಎಂತ, ನಾವೆಲ್ಲ ತಿಂದದ್ದಲ್ವಾ? ಅದು ಕೈಗೆ ಸಿಗುವಲ್ಲಿ ಚಿಗುರಿ ನಿಂತದ್ದು. ಚಿಗುರಿದ್ದನ್ನು ನೋಡಿ ಸುಮ್ಮನೆ ಹೋಗ್ಲಿಕ್ಕೆ ನನ್ನ ಕೈ ಕೇಳುವುದಿಲ್ಲ. ಗೋಡೆ ಬದಿಯದ್ದಕ್ಕೆ ಕೈ ಹಾಕಿದ್ದೇನಾ? ಹೇಳು.”

“ಅದಕ್ಕೆ ಯಾಕೆ ಹಾಕಲಿಲ್ಲ?”

“ಎರಡು ಮೆಟ್ಟಿಲು ಇಳೀಬೇಕು. ನನ್ನ ಮೊಣಗಂಟು ಗೊತ್ತುಂಟಲ್ಲ ನಿನಗೆ.”

ಆ ದಿನ ದೀಪ್ತಿ ಅರ್ಧ ಊಟಕ್ಕೇ ಎದ್ದಳು. (ತಂಬುಳಿ ಮುಗಿಸಿಯೇ ಎದ್ದದ್ದು. ಕೋಪ ಬೇರೆ, ತಂಬುಳಿ ಬೇರೆ.) ಪುಸ್ತಕದಲ್ಲಿ ಬರೆದಳು: “ಅಪರಾಧಿ ಸಿಕ್ಕಿದರು. ಶಿಕ್ಷೆ ಕೊಡುವ ಹಾಗಿಲ್ಲ. ಸಂಕಟವೆಂದರೆ, ನಾನೂ ಪಾಲುದಾರಳು.” ಅಡಿಗೆಮನೆ ಬದಿಯ ಗಿಡವನ್ನು ಅವಳು ಮನಸ್ಸಿನಲ್ಲೇ ಕೈಬಿಟ್ಟಳು. ತಲೆಯಿಲ್ಲದ ಗಿಡದಲ್ಲಿ ಹಣ್ಣೆಲ್ಲಿಯದು? ಇನ್ನುಳಿದ ಭರವಸೆಯೆಲ್ಲ ಗೋಡೆ ಬದಿಯ ಆ ಹನ್ನೆರಡಡಿಯ ಮಹಾಕಾಯರ ಮೇಲೆ. ಅವಕ್ಕೆ ಸೆಗಣಿನೀರು ಬಿತ್ತು, ಒಲೆಯ ಬೂದಿ ಬಿತ್ತು, ಸಂಜೆ ಇಂಚರ ಹೇಳುವ ಶಿಶುಗೀತೆಗಳೂ ಬಿದ್ದವು.

ಫೆಬ್ರವರಿಯಲ್ಲಿ ಹೂ ಬಂತು. ಬೆಳ್ಳಗೆ, ಐದೈದು ಎಸಳು. ಬಂದದ್ದು ಅಡಿಗೆಮನೆ ಬದಿಯ ಗಿಡದಲ್ಲಿ. ಅತ್ತೆ ಚಿವುಟಿದಲ್ಲೆಲ್ಲ ಒಡೆದಿದ್ದ ಒಂದೊಂದು ಕವಲಿನ ತುದಿಯಲ್ಲೂ ಗೊಂಚಲು. ಗೋಡೆ ಬದಿಯಲ್ಲಿ ಒಂದು ಎಸಳೂ ಇಲ್ಲ. ಅವು ಶಿಶುಗೀತೆ ಕೇಳುತ್ತಾ ಇನ್ನೂ ಎರಡು ಕಡೆ ಬೇರು ಬಿಟ್ಟಿದ್ದವು. ದೀಪ್ತಿ ಇದನ್ನು ಕುರಿತು ಹೆಚ್ಚು ಯೋಚಿಸಲಿಲ್ಲ. ಗಿಡ ನೆಟ್ಟವಳು ತಾನು, ಜಾಗ ಗೆಲ್ಲುವವಳೂ ತಾನು. ಹೂ ಕಾಯಾಯಿತು, ಕಾಯಿ ಕೆಂಪಾಯಿತು, ಏಪ್ರಿಲ್ ಮೊದಲ ವಾರ ಕಪ್ಪಾಗತೊಡಗಿತು. ಎಣಿಸಿದರೆ ಒಂದಲ್ಲ, ಎರಡು ಬಟ್ಟಲು ತುಂಬುವಷ್ಟು.

“ಅತ್ತೆ, ಕಣಿಗೆ ಬಟ್ಟಲು ತೊಳೆದಿಡುವುದಾ?” ಎಂದು ದೀಪ್ತಿ ಜೇನು ಸುರಿಯುವ ದನಿಯಲ್ಲಿ ಕೇಳಿದಳು.

ವಸುಮತಿ ಹಣ್ಣನ್ನು ದೂರದಿಂದಲೇ ನೋಡಿದರು. “ಕಣಿಗೆ ಇಡಬೇಕಾದರೆ ತಿನ್ನುವ ವಸ್ತು ಆಗಬೇಕಲ್ಲ. ಇದು ತಿನ್ನುವಂಥದ್ದೇ ಅಂತ ಎಂತ ಗ್ಯಾರಂಟಿ? ಮಗು ಇರುವ ಮನೆ. ವಿಷ ಇದ್ದರೆ?”

“ಮೂರು ತಿಂಗಳು ಕುಡಿ ತಿನ್ನಿಸಿದವರಿಗೆ ಈಗ ಹಣ್ಣಿನಲ್ಲಿ ವಿಷ ಕಾಣ್ತದಾ?”

“ಕುಡಿ ಬೇರೆ, ಹಣ್ಣು ಬೇರೆ. ತಿಳಿದವರು ಯಾರಾದರೂ ಬಂದು ಹೇಳಲಿ, ಮತ್ತೆ ಇಡುವ.”

ದೀಪ್ತಿಗೆ ಆಗ ಹೊಳೆದ ಉಪಾಯ ಅವಳ ಮಟ್ಟಿಗೆ ದಿವ್ಯವಾದದ್ದು. ನೇರ ಸರಕಾರದ ಕೃಷಿಭವನಕ್ಕೆ ಹೋಗಿ, ಅಲ್ಲಿಯ ಅಧಿಕಾರಿ ಮೇಡಂ ಅವರನ್ನೇ ಕರೆದಳು. ಮೇಡಂ ತೆಂಕು ದಿಕ್ಕಿನ ಕೊಲ್ಲಂ ಊರಿನವರು, ಬಂದು ಆರು ತಿಂಗಳಾಗಿತ್ತು, ಕನ್ನಡ ಒಂದಕ್ಷರ ಬಾರದು. ದೀಪ್ತಿಗೆ ಅದೇನೂ ತೊಡಕಲ್ಲ, ಪಿ.ಎಸ್.ಸಿ. ಪರೀಕ್ಷೆಗೆಂದು ಎರಡು ವರ್ಷ ಮಲಯಾಳ ಅರೆದು ಕುಡಿದವಳು. ಇನ್ನು ಅತ್ತೆಗೋ, ಮಲಯಾಳ ಬಾರದೆಂಬುದು ಊರಿಗೇ ಗೊತ್ತಿದ್ದ ಸಂಗತಿ. ಆದ್ದರಿಂದಲೇ ಮದುವೆಯಾದ ಐದು ವರ್ಷದಲ್ಲಿ ರೇಷನ್ ಕಾರ್ಡು, ವಿಲ್ಲೇಜ್ ಆಫೀಸು, ಪಂಚಾಯತು ಎಂದು ಮಲಯಾಳ ನಡೆಯುವ ಎಲ್ಲ ಸಾಲುಗಳಲ್ಲೂ ನಿಂತದ್ದು ದೀಪ್ತಿ. ಮಾತಿನ ಸೇತುವೆ ತಾನೊಬ್ಬಳೇ ಎಂದಾದ ಮೇಲೆ ಸೇತುವೆಯ ಮೇಲೆ ಏನು ದಾಟಬೇಕು, ಏನು ದಾಟಬಾರದು ಎಂಬುದೂ ತನ್ನ ಕೈಯಲ್ಲೇ ಅಲ್ಲವೇ?

ಮೇಡಂ ಬಂದರು. ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು ತಲೆದೂಗಿದರು. ಅಷ್ಟಕ್ಕೇ ಕೆಲಸ ಮುಗಿದಿತ್ತು. ಆದರೆ ಅವರು ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೋಲು ಕೋಲಾಗಿ ನೋಡಿ, ಕವಲು ಕವಲಾಗಿ ಮುಟ್ಟಿ, ಅಚ್ಚರಿಯಿಂದ ಮುಖವೆತ್ತಿದರು.

“ಆರಾ ಇದು ಮುರಿಚ್ಚದ್?” ಯಾರು ಇಷ್ಟು ಚೆಂದ ಕತ್ತರಿಸಿದ್ದು?

ದೀಪ್ತಿ ಒಮ್ಮೆ ಮಗಳ ಕಡೆ ನೋಡಿದಳು. ಸುಳ್ಳು ಹೇಳಬಾರದೆಂದು ಮಗಳಿಗೆ ದಿನಾ ಬೆಳಗ್ಗೆ ಕಲಿಸುವವಳು ಅವಳು. ಆದರೆ ಮಗಳು ಈಗ ಅಂಗಳದ ಆ ಕಡೆ ಇರುವೆ ಹಿಡಿಯುತ್ತಿದ್ದಳು.

“ಞಾನಾ,” ಎಂದಳು ದೀಪ್ತಿ. ನಾನೇ.

“ಎಂತ ಕೇಳಿದ್ದು ಅವರು?” ಎಂದರು ಬಾಗಿಲಲ್ಲಿ ನಿಂತ ವಸುಮತಿ.

“ಎಂತ ಇಲ್ಲ ಅತ್ತೆ. ಗಿಡ ನೆಟ್ಟು ಎಷ್ಟು ಸಮಯ ಆಯ್ತು ಅಂತ.”

ಮೇಡಂ ಮಲಯಾಳದಲ್ಲಿ ಹೊಗಳಿಕೆಯ ಮಳೆಗರೆದರು. ಸರಿಯಾದ ಎತ್ತರಕ್ಕೆ, ಸರಿಯಾದ ಹೊತ್ತಿಗೆ, ಉಗುರಿನಿಂದಲೇ ಚಿವುಟಿದ್ದಾರೆ. ಇದು ಓದಿ ಬರುವ ವಿದ್ಯೆಯಲ್ಲ, ಕೈಗುಣ ಎಂದರು.

“ಈಗ ಎಂತ ಹೇಳಿದ್ದು?”

“ಈ ವರ್ಷ ಸೆಕೆ ಜಾಸ್ತಿ ಅಂತೆ.”

“ಅಷ್ಟು ಹೊತ್ತು ಹೇಳಿದ್ದು ಸೆಕೆಯಾ?”

“ಅವರಿಗೆ ತುಂಬಾ ಸೆಕೆ ಅತ್ತೆ.”

ಮೇಡಂ ಒಂದು ಕೊನೆಯ ಪ್ರಶ್ನೆ ಕೇಳಿದರು. ಚಿವುಟಿದ ಕುಡಿಗಳನ್ನೆಲ್ಲ ಏನು ಮಾಡುತ್ತೀರಿ? ಗೊಬ್ಬರದ ಗುಂಡಿಗೆ ಹಾಕುತ್ತೇವೆ ಎಂದು ದೀಪ್ತಿ ಮನಸ್ಸಿನೊಳಗೆ ಮಲಯಾಳದ ವಾಕ್ಯ ಕಟ್ಟುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಕಡೆಯಿಂದ, ಅಪ್ಪಟ ಕಾಸರಗೋಡು ಮಲಯಾಳದಲ್ಲಿ, ಒಂದು ಶಾಂತವಾದ ದನಿ ಕೇಳಿಸಿತು.

“ಅದ್ ತಂಬುಳಿ ಆಕ್ಕುಂ ಮೋಳೇ. ಪಿನ್ನೆ, ಓಳಲ್ಲ. ಞಾನಾ ಮುರಿಚ್ಚದ್.”

ಅದರಿಂದ ತಂಬುಳಿ ಮಾಡುತ್ತೇವೆ ಮಗಳೇ. ಮತ್ತೆ, ಅವಳಲ್ಲ, ಕತ್ತರಿಸಿದ್ದು ನಾನು.

ಭೂಮಿ ಬಾಯಿ ಬಿಟ್ಟರೆ ಇಳಿಯಬಹುದೆಂದು ದೀಪ್ತಿ ನೆಲ ನೋಡಿದಳು. ಭೂಮಿಯನ್ನು ಬ್ಲ್ಯಾಕ್‌ಬೆರ್ರಿಯ ಬೇರು ಬಿಗಿಯಾಗಿ ಹಿಡಿದುಕೊಂಡಿತ್ತು.

“ಅತ್ತೆ! ನಿಮಗೆ ಮಲಯಾಳ ಬರ್ತದಾ?”

“ಬರ್ತದೆ ಅಂತ ಗೊತ್ತಾದರೆ ವಿಲ್ಲೇಜ್ ಆಫೀಸಿಗೆ ಯಾರು ಹೋಗುವುದು?”

ಮುಂದಿನ ಅರ್ಧ ಗಂಟೆ ಮೇಡಂ ಮತ್ತು ವಸುಮತಿ ಜಗಲಿಯಲ್ಲಿ ಕುಳಿತು ಮಾತಾಡಿದರು. ಮಲಯಾಳವು ಹೊಳೆಯಾಗಿ ಹರಿಯಿತು. ಒಡಂಬಡಿಕೆಯ ಕತೆ, ಮುಳ್ಳಿನ ಕತೆ, ಸತ್ತ ಆಡಿನ ಮೇಲಿನ ಆಪಾದನೆ, ಒಂದನ್ನೂ ಅತ್ತೆ ಬಿಡಲಿಲ್ಲ. ದೀಪ್ತಿ ಚಹಾ ತಂದುಕೊಟ್ಟಳು. ಅವಳನ್ನು ಭಾಷಾಂತರಕ್ಕೆ ಯಾರೂ ಕರೆಯಲಿಲ್ಲ. ಮೇಡಂ ಎದ್ದು ಗೋಡೆ ಬದಿಯ ಗಿಡವನ್ನೂ ನೋಡಿ ಬಂದರು. ಬರುವಾಗ ಅವರ ಶಾಲು ಅಲ್ಲೇ ಉಳಿದಿತ್ತು. ಅದನ್ನು ಬಿಡಿಸಿ ತರಲು ದೀಪ್ತಿಗೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ತೀರ್ಪು ಆಗಿಹೋಗಿತ್ತು: ಹಣ್ಣು ತಿನ್ನುವಂಥದ್ದೇ. ಅಡಿಗೆಮನೆಯ ಗಿಡಕ್ಕೆ ಫಲ ಬಂದದ್ದು ಚಿವುಟಿದ್ದರಿಂದ. ಗೋಡೆಯದ್ದಕ್ಕೆ ಬಾರದ್ದು ಮುದ್ದಿನಿಂದ.

ಮೇಡಂ ಹೋದ ಮೇಲೆ ವಸುಮತಿ ಸೊಸೆಯನ್ನು ಹತ್ತಿರ ಕರೆದರು. ದನಿಯಲ್ಲಿ ಕೊಂಕಿಲ್ಲ, ಅದೇ ಹೆಚ್ಚು ಚುಚ್ಚಿದ್ದು.

“ಹಾಗಾದರೆ ಈ ಹಣ್ಣು ಯಾರು ಬೆಳೆಸಿದ್ದು?”

ದೀಪ್ತಿ ಕಾಲಿನ ಹೆಬ್ಬೆರಳು ನೋಡಿದಳು. “ನೀವು.”

“ಜಾಗ ಯಾರಿಗೆ?”

“ನಿಮಗೆ.”

“ನಿನ್ನ ಬಾಯಿಂದಲೇ ಹೇಳಿದಿಯಲ್ಲ, ಸಾಕು. ಇನ್ನು ಕೇಳು. 'ಬೆರ್ರಿ' ನನ್ನದಾಯ್ತಲ್ಲ, ಅದನ್ನು ಕೀಳುವುದಿಲ್ಲ. ಮಗು ಆಸೆಪಟ್ಟದ್ದು, ಇರಲಿ. ಆ ಗೋಡೆ ಬದಿಯ ಮುಳ್ಳನ್ನು ಮಾತ್ರ ಬುಡಸಮೇತ ತೆಗಿ. ಅಲ್ಲಿ ಬಸಳೆ ನೆಡು. ನೀರು ನೀನೇ ಹಾಕು, ನನಗೆ ಮೆಟ್ಟಿಲು ಇಳೀಲಿಕ್ಕೆ ಆಗುವುದಿಲ್ಲ.”

ವಿಷುವಿನ ಬೆಳಗ್ಗೆ ಕಣ್ಣು ಮುಚ್ಚಿಸಿ ಇಂಚರಳನ್ನು ಕಣಿಯ ಮುಂದೆ ಕೂರಿಸಿದರು. ಕೈ ತೆಗೆದಾಗ ಅವಳಿಗೆ ದೀಪ ಕಾಣಲಿಲ್ಲ, ಕನ್ನಡಿ ಕಾಣಲಿಲ್ಲ, ಕೊನ್ನೆಯ ಹಳದಿ ಹೂ ಕಾಣಲಿಲ್ಲ. ನೇರ ಬಟ್ಟಲಿಗೇ ಕೈ. ಎರಡು ಹಣ್ಣು ಬಾಯಿಗೆ, ಒಂದು ಮೂಗಿಗೆ. ಮೋರೆಯೆಲ್ಲ ನೇರಳೆ. “ಅಮ್ಮಾ, ಲಾಯ್ಕುಂಟು! ಅಜ್ಜಿಯ ಬೆರ್ರಿ!”

ಮಗು ಕೇಳಿದ ಹಣ್ಣು ಮಗುವಿನ ಬಾಯಿಗೆ ಬಿದ್ದಿತ್ತು. ದೀಪ್ತಿಯ ಕಣ್ಣು ತುಂಬಿತು. ಯಾಕೆಂದು ಮಹಾಗಣಪತಿ ಕೇಳಲಿಲ್ಲ. ಮುಂದಿನ ವಾರ ಅಂಗಡಿಗೆ ಬಂದರೆ ಪರೀಕ್ಷೆ ಮಾಡಿ ನೋಡುವ ಎಂದ.

ಆದರೆ ಮೇಡಂ ಹೋಗುವ ಮೊದಲು ಇನ್ನೊಂದು ಮಾತೂ ಆಡಿದ್ದರು. ವಿಷು ಕಳೆದ ಮೇಲಿನ ಶನಿವಾರ ಕೃಷಿಭವನದಲ್ಲಿ ಹೆಂಗಸರಿಗೆ ಒಂದು ತರಗತಿ ಇದೆ. ಹೊಸ ಕುಡಿಗಳನ್ನು ಯಾವಾಗ, ಹೇಗೆ ಚಿವುಟಬೇಕೆಂದು ವಸುಮತಿಯಮ್ಮ ಬಂದು ಹೇಳಿಕೊಡಬೇಕು. ಬರುವಾಗ ಚಿವುಟಿದ ಕೋಲು ಒಂದು, ಚಿವುಟದ ಕೋಲು ಒಂದು, ತೋರಿಸಲಿಕ್ಕೆ ತರಬೇಕು.

ಶನಿವಾರ ಅತ್ತೆ ಪೆಟ್ಟಿಗೆಯಿಂದ ಕಾಟನ್ ಸೀರೆ ತೆಗೆದು ಉಟ್ಟರು. ಚಿವುಟಿದ ಕೋಲು ಮೂರಡಿಯದ್ದು. ಹಳೆಯ ಪೇಪರಿನಲ್ಲಿ ಸುತ್ತಿ ಕೊಡೆಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡರು. ಚಿವುಟದ್ದು ಹನ್ನೆರಡಡಿ. ಅದನ್ನು ಅಗೆದು ತೆಗೆದು, ಬಳೆಯಾಗಿ ಸುತ್ತಿ, ಗೋಣಿಯಲ್ಲಿ ಕಟ್ಟಿ ಹೊತ್ತವಳು ದೀಪ್ತಿ. ಬಸ್ಸು ಬಂತು. ಅತ್ತೆ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. ದೀಪ್ತಿ ಹತ್ತುವಷ್ಟರಲ್ಲಿ ಗೋಣಿಯ ಬಾಯಿ ಬಿಚ್ಚಿಕೊಂಡಿತು. ಕೋಲು ಸಟಕ್ಕನೆ ನೀಳವಾಗಿ, ಬಾಗಿಲ ಕಂಬಿಯನ್ನೊಮ್ಮೆ, ಕಂಡಕ್ಟರನ ಚರ್ಮದ ಚೀಲವನ್ನೊಮ್ಮೆ, ಮೂರನೆಯ ಸೀಟಿನ ಹೆಂಗಸಿನ ಸೆರಗನ್ನೊಮ್ಮೆ ಹಿಡಿದುಕೊಂಡು ನಿಂತಿತು.

ಕಂಡಕ್ಟರ್ ಟಿಕೆಟು ಹರಿಯುವುದನ್ನು ಬಿಟ್ಟು, ಚೀಲದಿಂದ ಮುಳ್ಳನ್ನು ಒಂದೊಂದಾಗಿ ಬಿಡಿಸಿಕೊಂಡ. ಬಿಡಿಸಿ ಮುಗಿದ ಮೇಲೆ ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದ. ಆಮೇಲೆ ದೀಪ್ತಿಯನ್ನು ನೋಡಿ, ಬಹಳ ಮರುಕದಿಂದ ಹೇಳಿದ:

“ಎಂತ ಅಕ್ಕ ನೀವು, ಇಷ್ಟು ಉದ್ದ ಬಿಡುವುದಾ ಇದನ್ನು? ಸಣ್ಣದಿರುವಾಗಲೇ ತುದಿ ಚಿವುಟಿದ್ದರೆ ಆಗ್ತಿತ್ತಲ್ಲ.”